ಆಡ್-ಆನ್ ಸಂದೇಶ ಬಂದಾಗ ಏನು ಮಾಡಬೇಕು?

ದಾವಣಗೆರೆ, ಹರಿಹರದ ಆನ್‌ಲೈನ್ ಸೆಂಟರ್‌ಗಳಿಗೆ ಜನ ಪಹಣಿ ತೆಗೆಸಲು, ವಿದ್ಯಾರ್ಥಿವೇತನಕ್ಕೆ ಅರ್ಜಿ ಹಾಕಿಸಲು ಬರುತ್ತಾರೆ. ಎಷ್ಟೋ ಜನರ ಆಧಾರ್ ಸಂಖ್ಯೆ, ಪಾಸ್‌ವರ್ಡ್ ಒಂದೇ ಕಂಪ್ಯೂಟರಿನಲ್ಲಿ ಟೈಪಾಗುತ್ತವೆ. ಸಾಲು ನಿಂತಿರುವಾಗ ಬ್ರೌಸರಿನಲ್ಲಿ ಆಡ್-ಆನ್ ಬಗ್ಗೆ ಇಂಗ್ಲಿಷ್ ಸಂದೇಶ ಎದ್ದರೆ ಕೈ ತಾನಾಗಿ ‘ಓಕೆ’ ಒತ್ತಿಬಿಡುತ್ತದೆ. ಹೊಸದಾಗಿ ಕೆಲಸಕ್ಕೆ ಸೇರಿದವರು ಅದರ ಬದಲು ಹೀಗೆ ಮಾಡಿ.

ಹಂತ 1: ಸಂದೇಶ ಎಲ್ಲಿ ಬಂದಿದೆ ನೋಡಿ. ಪುಟದ ನಡುವೆ ‘ಫ್ಲ್ಯಾಶ್ ಪ್ಲಗಿನ್ ಹಾಕಿಕೊಳ್ಳಿ’ ಎಂದಿದ್ದರೆ ಪುಟವನ್ನೇ ಮುಚ್ಚಿ. ಅಡೋಬಿ 2020ರ ಡಿಸೆಂಬರ್ 31ಕ್ಕೇ ಫ್ಲ್ಯಾಶ್ ಪ್ಲೇಯರ್‌ಗೆ ಬೆಂಬಲ ನಿಲ್ಲಿಸಿದೆ.

ಹಂತ 2: ಸಂದೇಶ ಬ್ರೌಸರಿನದೇ ಆಗಿದ್ದರೆ ಎಕ್ಸ್‌ಟೆನ್ಷನ್‌ಗಳ ಪಟ್ಟಿ ತೆರೆಯಿರಿ. ಕ್ರೋಮ್‌ನಲ್ಲಿ ಬಲತುದಿಯ ಮೂರು ಚುಕ್ಕಿ ಒತ್ತಿ ‘ಎಕ್ಸ್‌ಟೆನ್ಷನ್ಸ್’ಗೆ ಹೋಗಿ; ಫೈರ್‌ಫಾಕ್ಸ್‌ನಲ್ಲಿ ಕಂಟ್ರೋಲ್, ಶಿಫ್ಟ್, ಎ ಒಟ್ಟಿಗೆ ಒತ್ತಿ. ದಾವಣಗೆರೆಗೆ ಪಿ.ಜೆ. ಬಡಾವಣೆ (ಎಕ್ಸ್‌ಟೆನ್ಷನ್) ಸೇರಿಕೊಂಡಂತೆ ಬ್ರೌಸರಿಗೆ ಸೇರಿಕೊಂಡದ್ದು ಎಕ್ಸ್‌ಟೆನ್ಷನ್. ಫೈರ್‌ಫಾಕ್ಸ್ ಇದನ್ನೂ ಥೀಮನ್ನೂ ಸೇರಿಸಿ ಆಡ್-ಆನ್ ಎನ್ನುತ್ತದೆ.

ಹಂತ 3: ‘ಕರಪ್ಟ್’ ಎಂದಿದ್ದರೆ ಕೆಟ್ಟಿರುವುದು ಆ ಆಡ್-ಆನ್‌ನ ಕಡತ, ಕಂಪ್ಯೂಟರ್ ಕೆಟ್ಟಿತೆಂದು ಗಾಬರಿಯಾಗಬೇಡಿ. ‘ವೆರಿಫೈ ಆಗಿಲ್ಲ’ ಎಂದರೆ ಅದಕ್ಕೆ ಡಿಜಿಟಲ್ ಸಹಿ ಇಲ್ಲ ಅಥವಾ ಇರುವ ಸಹಿ ಹೊಂದುತ್ತಿಲ್ಲ. 2019ರ ಮೇ ತಿಂಗಳಲ್ಲಿ ಫೈರ್‌ಫಾಕ್ಸ್ ತಯಾರಿಸುವ ಮೊಜಿಲ್ಲಾದ ಪ್ರಮಾಣಪತ್ರವೊಂದರ ಅವಧಿ ಮುಗಿದು ಜಗತ್ತಿನಾದ್ಯಂತ ಫೈರ್‌ಫಾಕ್ಸ್ ಆಡ್-ಆನ್‌ಗಳು ನಿಂತುಹೋದವು. ಬಳಸುವವರು ಯಾವ ತಪ್ಪನ್ನೂ ಮಾಡಿರಲಿಲ್ಲ. ಅವಸರದಲ್ಲಿ ಅವನ್ನು ಕಿತ್ತುಹಾಕಿದವರು ಅವುಗಳಲ್ಲಿ ಉಳಿಸಿಕೊಂಡಿದ್ದ ಮಾಹಿತಿ ಕಳೆದುಕೊಂಡರು.

ಹಂತ 4: ಎಕ್ಸ್‌ಟೆನ್ಷನ್ ಅನುಮತಿ ಕೇಳಿದರೆ ನಿಧಾನಿಸಿ. ‘ಎಲ್ಲ ವೆಬ್‌ಸೈಟ್‌ಗಳಲ್ಲಿ ನಿಮ್ಮ ಡೇಟಾ ಓದಲು, ಬದಲಿಸಲು ಅನುಮತಿ’ ಎಂಬ ಸಾಲು ನೋಡಲು ತೀರಾ ಸಾಧು. ಒಪ್ಪಿದರೆ ಗಿರಾಕಿ ಬ್ಯಾಂಕ್ ಪುಟದಲ್ಲಿ ಟೈಪಿಸುವುದನ್ನೂ ಆ ಎಕ್ಸ್‌ಟೆನ್ಷನ್ ಓದಬಲ್ಲದು. ಜಾಹೀರಾತು ತಡೆಯುವ ಎಕ್ಸ್‌ಟೆನ್ಷನ್‌ಗೆ ಈ ಅನುಮತಿ ಬೇಕಾದೀತು. ಹವಾಮಾನ ತೋರಿಸುವುದಕ್ಕೆ ಯಾಕೆ? ಕಾರಣ ಹೊಳೆಯದಿದ್ದರೆ ‘ಕ್ಯಾನ್ಸಲ್’ ಒತ್ತಿ. ಈಗಾಗಲೇ ಹಾಕಿದ್ದರೆ ಕ್ರೋಮ್‌ನ ‘ಡೀಟೇಲ್ಸ್’ನಲ್ಲಿ ಸೈಟ್ ಆ್ಯಕ್ಸೆಸ್ಸನ್ನು ‘ಆನ್ ಕ್ಲಿಕ್’ಗೆ ಬದಲಿಸಿ. ಆಗ ನೀವು ಅದರ ಗುರುತನ್ನು ಒತ್ತಿದ ಪುಟದಲ್ಲಷ್ಟೇ ಅದು ಕೆಲಸ ಮಾಡುತ್ತದೆ.

ಹಂತ 5: ಯಾವುದಾದರೂ ಎಕ್ಸ್‌ಟೆನ್ಷನ್ ಮೇಲೆ ಅನುಮಾನ ಬಂದರೆ ಮೊದಲು ಪಟ್ಟಿಯಲ್ಲಿ ಅದರ ಸ್ವಿಚ್ ಆಫ್ ಮಾಡಿ, ಸೆಟ್ಟಿಂಗ್ ಉಳಿಯುತ್ತದೆ. ಅದಿಲ್ಲದೆಯೂ ಕೆಲಸ ನಡೆದರೆ ‘ರಿಮೂವ್’ ಮಾಡಿ.

ಬ್ರೌಸರಿನಲ್ಲಿ ‘ನಿಮ್ಮ ಸಂಸ್ಥೆ ನಿರ್ವಹಿಸುತ್ತಿದೆ’ ಎಂಬ ಸಾಲು ಕಾಲೇಜು ಲ್ಯಾಬಿನಲ್ಲಿ ಕಂಡರೆ ಸಹಜ. ನಿಮ್ಮದೇ ಅಂಗಡಿಯ ಕಂಪ್ಯೂಟರಿನಲ್ಲಿ ಕಂಡರೆ ಬಲ್ಲವರಿಗೆ ತೋರಿಸಿ.

ಸೆಂಟರ್ ನಡೆಸುವವರಲ್ಲಿ ಒಂದು ವಿನಂತಿ: ಇಂದು ಬಾಗಿಲು ಹಾಕುವ ಮೊದಲು ಎಕ್ಸ್‌ಟೆನ್ಷನ್‌ಗಳ ಪಟ್ಟಿಯನ್ನೊಮ್ಮೆ ತೆರೆದು, ಯಾರು ಹಾಕಿದರೆಂದು ನಿಮಗೇ ಗೊತ್ತಿಲ್ಲದವನ್ನು ಆಫ್ ಮಾಡಿ.