ಪೈಲಟ್ ಸಾಲಕ್ಕೆ ಸಹಿ ಹಾಕುವ ಮುನ್ನ

ಪೈಲಟ್ ಓದಿಗೆ ಐವತ್ತು ಲಕ್ಷ ಬೇಕು ಎನ್ನುವುದು ಈಗ ಬಿ.ಸಿ.ರೋಡಿನಲ್ಲಿ ಬಸ್ಸಿಗೆ ಕಾಯುವವರಿಗೂ ಗೊತ್ತು. ಆ ಐವತ್ತು ಲಕ್ಷದಲ್ಲಿ ಮೊದಲ ಕೆಲವು ಸಾವಿರ ಯಾವುದಕ್ಕೆ ಹೋಗಬೇಕು ಎನ್ನುವುದು ಮಾತ್ರ ಬಹಳ ಮನೆಗಳಲ್ಲಿ ಗೊತ್ತಿಲ್ಲ. ಬೆಳ್ತಂಗಡಿ, ಬಂಟ್ವಾಳ, ಮೂಡುಬಿದಿರೆಯ ಬ್ಯಾಂಕ್ ಶಾಖೆಗಳಲ್ಲಿ ಸಾಲ ಕೊಡುವ ಮೇಜಿನ ಹಿಂದೆ ಕೂತು ನಿವೃತ್ತಳಾದ ನಾನು ಈಗ ತಂಗಿಯ ಮಗಳಿಗಾಗಿ ಸಾಲ ಕೇಳುವ ಕುರ್ಚಿಗೆ ಬಂದಿದ್ದೇನೆ. ಎರಡೂ ಕಡೆಯಿಂದ ಕಂಡದ್ದನ್ನು ಈ ವಾರ ಬರೆಯುತ್ತೇನೆ.

ವಿಮಾನದ ಹುಚ್ಚು ನನಗೂ ಉಂಟು, ಅದು ಸಣ್ಣಂದಿನದ್ದು. ನಮ್ಮ ತವರು ವೇಣೂರು. 1951ರ ಡಿಸೆಂಬರ್ 25ರಂದು ನೆಹರೂ ಡಕೋಟ ವಿಮಾನದಲ್ಲಿ ಬಂದು ಬಜಪೆಯಲ್ಲಿ ಇಳಿದ ಕಥೆಯನ್ನು ಅಪ್ಪ ಹೇಳುತ್ತಿದ್ದರು. ಪಡುವಣ ಗಾಳಿ ಬೀಸುವಾಗ ವಿಮಾನಗಳು ಗಾಳಿಗೆ ಎದುರಾಗಿ ಇಳಿಯಲು ಮೂಡಣ ದಿಕ್ಕಿನಿಂದ ಬರುತ್ತವೆ. ಆ ಸದ್ದು ಕೇಳಿದರೆ ಅಂಗಳದಲ್ಲಿ ಹರಡಿದ ಅಡಿಕೆಯನ್ನೂ ಮರೆತು ನಾನು ಮೇಲೆ ನೋಡುತ್ತಿದ್ದೆ. ಮೂಡುಬಿದಿರೆಯಲ್ಲಿ ಕಾಲೇಜು ಓದಿ ಬ್ಯಾಂಕ್ ಸೇರಿದ ಮೇಲೆ ಮೊದಲ ಸಂಬಳದಲ್ಲೇ ಒಂದು ಆರ್‌ಡಿ ತೆರೆದೆ. ಪಾಸ್‌ಬುಕ್ಕಿನ ರಟ್ಟಿನ ಮೇಲೆ ಪೆನ್ಸಿಲಿನಲ್ಲಿ ‘ವಿಮಾನ’ ಎಂದು ಬರೆದಿಟ್ಟೆ. ಅವಧಿ ಮುಗಿದಾಗ ಮತ್ತೆ ಹೊಸತು, ಮತ್ತೆ ಅದೇ ಹೆಸರು. ಮನೆ ಕಟ್ಟುವಾಗಲೂ ಮದುವೆ ಮುಂಜಿಗೂ ಅದನ್ನು ಮುಟ್ಟಲಿಲ್ಲ.

ಆ ಖಾತೆಯ ಹಣದಲ್ಲೇ ಒಮ್ಮೆ ಬೆಂಗಳೂರಿನ ಜಕ್ಕೂರಿಗೆ ಹೋಗಿ, ಎರಡು ಸೀಟಿನ ಪುಟ್ಟ ವಿಮಾನದಲ್ಲಿ ತರಬೇತುದಾರರ ಪಕ್ಕ ಕೂತು ಹಾರಿದೆ. ಮೈಸೂರು ಸಂಸ್ಥಾನದ ಕಾಲದಲ್ಲಿ, 1949ರಲ್ಲಿ ಶುರುವಾದ ಸರ್ಕಾರಿ ವೈಮಾನಿಕ ತರಬೇತಿ ಶಾಲೆ ಇರುವ ಜಾಗ ಅದು. ನೆಲ ಬಿಟ್ಟ ಕ್ಷಣ ಎದೆಯಲ್ಲಿ ಆದದ್ದನ್ನು ಬರೆಯಲು ನನ್ನಲ್ಲಿ ಮಾತಿಲ್ಲ. ಬ್ಯಾಂಕಿನವಳ ಕಣ್ಣಿಗೆ ಬಿದ್ದ ಇನ್ನೊಂದು ವಸ್ತುವಿನ ಬಗ್ಗೆ ಹೇಳುತ್ತೇನೆ. ಎದುರಿನ ಫಲಕದಲ್ಲಿ ಹಳೆಯ ಸ್ಕೂಟರಿನ ಕಿಲೋಮೀಟರ್ ಅಂಕಿಗಳಂಥ ಒಂದು ಪುಟ್ಟ ಮೀಟರ್ ಇತ್ತು. ಇಂಜಿನ್ ಓಡುತ್ತಿರುವ ಹೊತ್ತನ್ನು ಅದು ಗಂಟೆಯ ಹತ್ತನೇ ಒಂದು ಪಾಲಿನ ಲೆಕ್ಕದಲ್ಲಿ ತೋರಿಸುತ್ತದೆ. ಆರು ನಿಮಿಷಕ್ಕೊಮ್ಮೆ ಕೊನೆಯ ಅಂಕಿ ಉರುಳುತ್ತದೆ. ರನ್‌ವೇ ಪಕ್ಕದಲ್ಲಿ ಅನುಮತಿಗಾಗಿ ಕಾಯುತ್ತಾ ನಿಂತಾಗಲೂ ಅದು ಉರುಳುತ್ತಲೇ ಇತ್ತು. ಗಂಟೆಗೆ ಹದಿನೈದು ಸಾವಿರ ಎಂದಿಟ್ಟುಕೊಂಡರೂ ಒಂದು ಅಂಕಿ ಉರುಳಿದರೆ ಸಾವಿರದ ಐನೂರು ರೂಪಾಯಿ ಹೋಯಿತು. ವೃತ್ತಿಪರ ಪೈಲಟ್ ಲೈಸೆನ್ಸಿಗೆ ನಮ್ಮ ದೇಶದಲ್ಲಿ 200 ಗಂಟೆಯ ಹಾರಾಟ ಬೇಕು. ಅದರಲ್ಲಿ 100 ಗಂಟೆ ತಾನೇ ಕಮಾಂಡರ್ ಆಗಿ ಹಾರಿಸಿರಬೇಕು. ಒಂದಷ್ಟು ರಾತ್ರಿಯ ಹಾರಾಟ, ಬರೀ ಉಪಕರಣ ನೋಡಿಕೊಂಡು ಹಾರುವ ಅಭ್ಯಾಸ, ಎರಡು ಇಂಜಿನ್ನಿನ ವಿಮಾನದ ದುಬಾರಿ ಗಂಟೆಗಳೂ ಸೇರುತ್ತವೆ. ಈ ಓದಿನ ಖರ್ಚಿನ ದೊಡ್ಡ ಪಾಲು ಹೋಗುವುದು ಆ ಮೀಟರಿನ ಮೂಲಕವೇ. ಹಾಗಾಗಿ ಮೀಟರ್ ಓಡಲು ಶುರುವಾಗುವ ಮೊದಲು ಮುಗಿಸಬಹುದಾದ್ದನ್ನೆಲ್ಲ ಮುಗಿಸಿರಬೇಕು. ನಾನು ಹೇಳಬೇಕೆಂದಿರುವ ಮುಖ್ಯ ಮಾತು ಇಷ್ಟೇ, ಉಳಿದದ್ದೆಲ್ಲ ಇದರ ವಿವರ.

ತಂಗಿಯನ್ನು ಕೊಟ್ಟದ್ದು ಬಂಟ್ವಾಳ ತಾಲೂಕಿನ ಸಿದ್ಧಕಟ್ಟೆಗೆ. ಸ್ವಲ್ಪ ಅಡಿಕೆ ತೋಟ ಉಂಟು, ಬಿಡುವಿನಲ್ಲಿ ಅವಳು ಬೀಡಿ ಕಟ್ಟುತ್ತಾಳೆ. ಮಗಳು ಪಿಯುಸಿ ಮುಗಿಸಿ, ಪೈಲಟ್ ಆಗಬೇಕು ಎಂದು ಗಟ್ಟಿ ನಿಂತಾಗ ತಂಗಿ ನನಗೆ ಫೋನ್ ಮಾಡಿದಳು. “ಅಕ್ಕ, ಇದು ನಿನ್ನದೇ ಹುಚ್ಚು. ಇನ್ನು ಎಂತ ಮಾಡುವುದು ಹೇಳು” ಎಂದಳು. ಭಾವ ಆಗಲೇ ತೋಟಕ್ಕೆ ಗಿರಾಕಿ ಹುಡುಕುವ ಮಾತಾಡುತ್ತಿದ್ದರಂತೆ. ತೋಟದ ಮಾತು ಕೊನೆಗೆ, ಮೊದಲು ಹುಡುಗಿಯ ಕಣ್ಣು ತೋರಿಸುವ ಎಂದೆ.

ಇದನ್ನು ಸುಮ್ಮನೆ ಹೇಳಿದ್ದಲ್ಲ. ನಾನು ಬೆಳ್ತಂಗಡಿ ಕಡೆಯ ಶಾಖೆಯಲ್ಲಿದ್ದಾಗ ಒಬ್ಬ ತಂದೆ ಮಗನ ಸೀಟಿಗೆಂದು ದೊಡ್ಡ ಮೊತ್ತ ಮುಂಗಡ ಕಟ್ಟಿ, ಉಳಿದದ್ದಕ್ಕೆ ಸಾಲ ಕೇಳಿ ಬಂದಿದ್ದರು. ಆಮೇಲೆ ವೈದ್ಯಕೀಯ ತಪಾಸಣೆಯಲ್ಲಿ ಹುಡುಗನಿಗೆ ಕೆಂಪು ಹಸಿರು ಬೇರೆ ಕಾಣುವುದಿಲ್ಲ ಎಂದು ಗೊತ್ತಾಯಿತು. ಬಣ್ಣಬಣ್ಣದ ಚುಕ್ಕಿಗಳ ನಡುವೆ ಅಂಕಿ ಗುರುತಿಸುವ ಒಂದು ಪುಸ್ತಕ, ಅಷ್ಟೇ. ಕಟ್ಟಿದ ಮುಂಗಡ ವಾಪಸು ಬರಲಿಲ್ಲ. ಆ ತಂದೆ ನನ್ನೆದುರು ಕೂತು ರಶೀದಿಯನ್ನು ಮಡಚುತ್ತಾ ಬಿಡಿಸುತ್ತಾ ಇದ್ದರು.

ಹಾಗಾಗಿ ಮೊದಲ ಬಾಗಿಲು ವೈದ್ಯಕೀಯ ತಪಾಸಣೆಯದ್ದು. ದೇಶದ ನಾಗರಿಕ ವಿಮಾನಯಾನವನ್ನು ನಿಯಂತ್ರಿಸುವ ಡಿಜಿಸಿಎ ಮಾನ್ಯ ಮಾಡಿದ ವೈದ್ಯರಲ್ಲಿ ಕ್ಲಾಸ್ 2 ತಪಾಸಣೆ, ಅದಾದ ಮೇಲೆ ಕ್ಲಾಸ್ 1. ಕಣ್ಣು, ಕಿವಿ, ಇಸಿಜಿ, ಎದೆಯ ಎಕ್ಸ್‌ರೇ, ರಕ್ತ, ಎಲ್ಲ ನೋಡುತ್ತಾರೆ. ಕ್ಲಾಸ್ 1 ಮಾಡುವ ಕೇಂದ್ರಗಳಲ್ಲಿ ಬೆಂಗಳೂರಿನ ವಾಯುಪಡೆಯ ವೈಮಾನಿಕ ವೈದ್ಯಕೀಯ ಸಂಸ್ಥೆಯೂ ಒಂದು. ಎಲ್ಲ ಸೇರಿ ಕೆಲವು ಸಾವಿರಗಳಲ್ಲಿ ಮುಗಿಯುವ ಖರ್ಚು. ನಮ್ಮ ಹುಡುಗಿಯದು ‘ವಿಮಾನ’ ಖಾತೆಯಿಂದಲೇ ಆಯಿತು. ಎರಡೂ ಪಾಸಾದಳು.

ಎರಡನೆಯ ಬಾಗಿಲು ಪರೀಕ್ಷೆಗಳದ್ದು. ಏರ್ ನ್ಯಾವಿಗೇಶನ್, ಹವಾಮಾನ, ವಾಯುಯಾನ ನಿಯಮಗಳು, ತಾಂತ್ರಿಕ ಪೇಪರ್‌ಗಳು. ಪಾಸಾಗಲು ನೂರಕ್ಕೆ 70 ಬೇಕು. ರೇಡಿಯೋದಲ್ಲಿ ಮಾತಾಡುವ ಪ್ರಮಾಣಪತ್ರ ಬೇರೆ. ಪಿಯುಸಿಯಲ್ಲಿ ಭೌತಶಾಸ್ತ್ರ, ಗಣಿತ ಓದಿರಬೇಕು. ಕಾಮರ್ಸ್ ಓದಿದವರು ಮುಕ್ತ ಶಾಲೆಯಲ್ಲಿ ಆ ಎರಡು ವಿಷಯ ಬರೆದು ಬರುತ್ತಾರೆ. ಈ ಪೇಪರ್‌ಗಳನ್ನು ಹಾರಾಟಕ್ಕೆ ಮುಂಚೆಯೇ ಬರೆಯಬಹುದು. ಪುಸ್ತಕ, ಕೋಚಿಂಗ್, ಪರೀಕ್ಷಾ ಶುಲ್ಕ ಎಲ್ಲ ಸೇರಿದರೂ ಹಾರಾಟದ ಶುಲ್ಕದ ಎದುರು ಅದು ಸಣ್ಣ ಮೊತ್ತ. ಪೇಪರ್ ಬಾಕಿ ಇಟ್ಟುಕೊಂಡು ಹಾರಾಟಕ್ಕೆ ಸೇರಿದವರು ಮಧ್ಯದಲ್ಲಿ ಓದಲು ಕೂತರೆ ಹಾಸ್ಟೆಲ್ ಬಾಡಿಗೆಯೂ ಓಡುತ್ತದೆ, ಸಾಲದ ಬಡ್ಡಿಯೂ ಓಡುತ್ತದೆ. ಹುಡುಗಿ ಮೂಡುಬಿದಿರೆಯಲ್ಲಿ ಬಿಎಸ್ಸಿ ಸೇರಿ, ಅದರ ಜೊತೆಗೇ ಈ ಪೇಪರ್‌ಗಳನ್ನು ಓದುತ್ತಿದ್ದಾಳೆ. ಡಿಗ್ರಿ ಯಾಕೆ ಎಂದು ಕೇಳುವವರಿದ್ದಾರೆ. ಅದರ ಉತ್ತರ ಮುಂದೆ ಬರುತ್ತದೆ.

ಇನ್ನು ಸಾಲಕ್ಕೆ ಅಡವಿಡುವ ಜಾಗದ ಸಂಗತಿ. ನಮ್ಮ ಮೂರು ತಾಲೂಕುಗಳ ಮಟ್ಟಿಗೆ ಇದನ್ನು ಬಿಡಿಸಿ ಹೇಳಲೇಬೇಕು. ಕೈಯಲ್ಲಿ ಕೋಟಿ ಬೆಲೆಯ ಅಡಿಕೆ ತೋಟ ಇದ್ದವರೂ ಶಿಕ್ಷಣ ಸಾಲಕ್ಕೆ ಬಂದಾಗ ಬರಿಗೈಯಲ್ಲಿ ನಿಂತದ್ದನ್ನು ನಾನು ಕಂಡಿದ್ದೇನೆ. ಏಳೂವರೆ ಲಕ್ಷದವರೆಗಿನ ಶಿಕ್ಷಣ ಸಾಲಕ್ಕೆ ಸರ್ಕಾರದ ಖಾತರಿ ನಿಧಿ ಉಂಟು, ಅಡವು ಕೇಳುವುದಿಲ್ಲ. ಅದರ ಮೇಲೆ ಸಾಮಾನ್ಯವಾಗಿ ಅಡವು ಬೇಕೇ ಬೇಕು. ಸಾಲ ಸುಸ್ತಿಯಾದರೆ ಬ್ಯಾಂಕು ನ್ಯಾಯಾಲಯಕ್ಕೆ ಹೋಗದೆ ಆಸ್ತಿ ವಶಪಡಿಸಿಕೊಳ್ಳಲು ಅವಕಾಶ ಕೊಡುವ 2002ರ ಸರ್ಫೇಸಿ ಕಾಯ್ದೆ ಕೃಷಿ ಭೂಮಿಗೆ ಅನ್ವಯಿಸುವುದಿಲ್ಲ. ಅದಕ್ಕೇ ಬ್ಯಾಂಕಿನವರಿಗೆ ತೋಟದ ಪಹಣಿಗಿಂತ ಕನ್ವರ್ಶನ್ ಆದ ಹತ್ತು ಸೆಂಟ್ಸಿನ ಮನೆಜಾಗದ ಮೇಲೆ ಕಣ್ಣು. ಕುಮ್ಕಿಯಂತೂ ಲೆಕ್ಕಕ್ಕೇ ಇಲ್ಲ. ಅಲ್ಲಿಂದ ಸೊಪ್ಪು ತರುವ ಹಕ್ಕು ನಮ್ಮದು, ಒಡೆತನ ಸರ್ಕಾರದ್ದು. ಕುಟುಂಬದ ಆಸ್ತಿ ಪಾಲಾಗದೆ ಉಳಿದಿದ್ದರೆ ಮುಂಬೈಯಲ್ಲಿರುವ ಅಣ್ಣನಿಂದ ಗಲ್ಫ್‌ನಲ್ಲಿರುವ ತಂಗಿಯವರೆಗೆ ಎಲ್ಲರ ಸಹಿ ಬೇಕು. ಸೀಟು ಸಿಕ್ಕಿದ ಮೇಲೆ ಈ ಕಾಗದ ಹಿಡಿದು ಓಡಾಡಿದರೆ ತಿಂಗಳುಗಳೇ ಹೋಗುತ್ತವೆ.

ತಂಗಿಯ ಮನೆಯಲ್ಲಿ ಅಡವಿಡಬಹುದಾದ ಜಾಗ ಎಂದರೆ ಅವರು ಮಲಗುವ ಮನೆ ಒಂದೇ. ಅದನ್ನು ಇಡುವುದು ಬೇಡ ಎಂದೆ. ಮೂಡುಬಿದಿರೆಯಲ್ಲಿ ನನ್ನ ಹೆಸರಿನಲ್ಲಿ ಒಂದು ಖಾಲಿ ನಿವೇಶನ ಉಂಟು, ಅದು ಹೋದರೂ ಯಾರ ತಲೆ ಮೇಲಿನ ಸೂರೂ ಹೋಗುವುದಿಲ್ಲ. ಅಡವಿಗೆ ಅದನ್ನೇ ಕೊಡುತ್ತೇನೆ. ಪ್ರತಿ ಮನೆಯಲ್ಲೂ ಇಂಥ ನಿವೇಶನ ಇರುವುದಿಲ್ಲ ಎಂದು ನನಗೆ ಗೊತ್ತು. ಇಲ್ಲದವರಿಗೆ ತೋಟದ ಒಂದು ಮೂಲೆಯನ್ನು ಮೊದಲೇ ಕನ್ವರ್ಶನ್ ಮಾಡಿಸಿಟ್ಟುಕೊಳ್ಳುವ ದಾರಿ ಉಂಟು. ಅದಕ್ಕೆ ಹಿಡಿಯುವ ಸಮಯ ಮಕ್ಕಳು ಪೇಪರ್ ಬರೆಯುವ ಸಮಯವೇ.

ಲೆಕ್ಕ ಹಾಕುವ. ಐವತ್ತು ಲಕ್ಷ ಸಾಲ, ಶೇ. 10.5 ಬಡ್ಡಿ, 15 ವರ್ಷ. ತಿಂಗಳ ಕಂತು ಸುಮಾರು 55,300 ರೂಪಾಯಿ. ಆದರೆ ಓದುವ ಎರಡು ವರ್ಷ, ಅದರ ಮೇಲೆ ಕೆಲಸ ಹುಡುಕಲು ಒಂದು ವರ್ಷ ಕಂತು ಇಲ್ಲ ಎಂದು ಸುಮ್ಮನಿದ್ದರೆ, ಪೂರ್ತಿ ಹಣ ಮೊದಲ ದಿನವೇ ಎತ್ತಿದವರಿಗೆ ಆ ಮೂರು ವರ್ಷದ ಸರಳ ಬಡ್ಡಿಯೇ 15.75 ಲಕ್ಷ. ಅದು ಅಸಲಿಗೆ ಸೇರಿ ಕಂತು 72,000 ದಾಟುತ್ತದೆ. ಹಣವನ್ನು ಹಂತಹಂತವಾಗಿ ಎತ್ತಿ, ಆಯಾ ತಿಂಗಳ ಬಡ್ಡಿಯನ್ನು ಆಗಲೇ ಕಟ್ಟುತ್ತಾ ಹೋದರೆ 55,300ರಲ್ಲೇ ನಿಲ್ಲುತ್ತದೆ. ಆ ಬಡ್ಡಿಗೆ ತಂಗಿ ಪಿಗ್ಮಿ ಶುರು ಮಾಡಿದ್ದಾಳೆ. ಪಿಗ್ಮಿ ಹುಟ್ಟಿದ್ದು ನಮ್ಮ ಉಡುಪಿಯ ಸಿಂಡಿಕೇಟ್ ಬ್ಯಾಂಕಿನಲ್ಲಿ, 1928ರಲ್ಲಿ. ದಿನಕ್ಕೆ ಚಿಲ್ಲರೆ ದುಡಿಯುವವರೂ ಉಳಿಸಲಿ ಎಂದೇ ಮಾಡಿದ ಯೋಜನೆ ಅದು. ಬೀಡಿಯ ದುಡ್ಡಿನಿಂದ ಬಡ್ಡಿ ಪೂರ್ತಿ ತೀರುವುದಿಲ್ಲ, ಒಂದು ಭಾಗವಂತೂ ತೀರುತ್ತದೆ. ಉಳಿದದ್ದು ‘ವಿಮಾನ’ ಖಾತೆಯದ್ದು.

ತೆರಿಗೆಯ ಒಂದು ಮಾತು. 80ಇ ಎಂದು ನಮಗೆಲ್ಲ ಪರಿಚಯವಾದ ಬಡ್ಡಿ ವಿನಾಯಿತಿ ಹಳೆಯ ತೆರಿಗೆ ಪದ್ಧತಿಯಲ್ಲಿ ಮಾತ್ರ. ಅದು ತನಗೆ, ಗಂಡ ಅಥವಾ ಹೆಂಡತಿಗೆ, ಮಕ್ಕಳಿಗೆ ಅಥವಾ ತಾನು ಕಾನೂನು ಪ್ರಕಾರ ಪೋಷಕರಾಗಿರುವ ವಿದ್ಯಾರ್ಥಿಗೆ ಸಾಲ ಮಾಡಿದವರಿಗೆ ಸಿಗುತ್ತದೆ. ದೊಡ್ಡಮ್ಮನಾದ ನಾನು ಬಡ್ಡಿ ಕಟ್ಟಿದರೆ ನನಗೆ ಸಿಗುವುದಿಲ್ಲ. ಚಿನ್ನದ ಸಾಲ ಮಾಡಿ ಫೀಸು ಕಟ್ಟಿದರೂ ಸಿಗುವುದಿಲ್ಲ. ಡಿಜಿಸಿಎ ಮಾನ್ಯತೆ ಪಡೆದ ಕೋರ್ಸುಗಳಿಗೆ ಜಿಎಸ್‌ಟಿ ಇಲ್ಲ ಎಂದು ಜಿಎಸ್‌ಟಿ ಮಂಡಳಿ 2024ರಲ್ಲಿ ಸ್ಪಷ್ಟಪಡಿಸಿದೆ, ಬಿಲ್ಲಿನಲ್ಲಿ ಅದನ್ನು ನೋಡಿಕೊಳ್ಳಿ.

ಶಾಲೆ ಆರಿಸುವಾಗ ಬಣ್ಣದ ಬ್ರೋಷರ್ ಬಿಟ್ಟು ಎರಡು ಪ್ರಶ್ನೆ ಕೇಳಿ. ಈಗ ಹಾರುವ ಸ್ಥಿತಿಯಲ್ಲಿರುವ ವಿಮಾನ ಎಷ್ಟು, ವಿದ್ಯಾರ್ಥಿಗಳು ಎಷ್ಟು? ಕಳೆದ ತಂಡದವರು 200 ಗಂಟೆ ಮುಗಿಸಲು ಎಷ್ಟು ತಿಂಗಳು ಹಿಡಿದರು? 2025ರ ಅಕ್ಟೋಬರಿನಿಂದ ಡಿಜಿಸಿಎ ತರಬೇತಿ ಶಾಲೆಗಳಿಗೆ ದರ್ಜೆ ಕೊಡಲು ಶುರು ಮಾಡಿದೆ, ಅದನ್ನೂ ನೋಡಿ. ಫೀಸನ್ನು ಹಾರಿದ ಗಂಟೆಗಳಿಗೆ ತಕ್ಕಂತೆ ಕಂತಿನಲ್ಲಿ ತೆಗೆದುಕೊಳ್ಳಲು ಒಪ್ಪದ ಶಾಲೆಗೆ ನಾನು ಸಾಲದ ಹಣ ಬಿಡುಗಡೆ ಮಾಡಿಸಲಾರೆ. ವಿಮೆಯ ವಿಷಯದಲ್ಲೂ ಎಚ್ಚರ ಬೇಕು. ಟಿಕೆಟ್ ಪಡೆದ ಪ್ರಯಾಣಿಕರಾಗಿ ಅಲ್ಲದೆ ಬೇರೆ ರೀತಿ ಹಾರುವಾಗ ಆಗುವ ಅಪಘಾತಕ್ಕೆ ಪರಿಹಾರ ಇಲ್ಲ ಎಂದು ಅನೇಕ ಅಪಘಾತ ವಿಮೆಗಳ ಷರತ್ತಿನಲ್ಲೇ ಬರೆದಿರುತ್ತದೆ. ಹಾರಾಟ ಕಲಿಯುತ್ತಿದ್ದೇನೆ ಎಂದು ಅರ್ಜಿಯಲ್ಲೇ ಬರೆದು, ಒಪ್ಪಿಗೆ ಪಡೆದ ಪಾಲಿಸಿಯೇ ಬೇಕು.

ಲೈಸೆನ್ಸ್ ಕೈಗೆ ಬಂದ ದಿನ ಸಂಬಳ ಶುರುವಾಗುವುದಿಲ್ಲ. ಏರ್‌ಬಸ್ ಅಥವಾ ಬೋಯಿಂಗ್ ಹಾರಿಸುವ ಪ್ರತ್ಯೇಕ ತರಬೇತಿಗೆ ಇನ್ನೂ ಹತ್ತು ಹದಿನೈದು ಲಕ್ಷ, ಕೆಲವೊಮ್ಮೆ ಅದಕ್ಕೂ ಮೇಲೆ. ಕೆಲಸ ಸಿಗುವವರೆಗೆ ವೈದ್ಯಕೀಯ ಪ್ರಮಾಣಪತ್ರ, ಉಪಕರಣ ಹಾರಾಟದ ಅರ್ಹತೆ ಎಲ್ಲವನ್ನೂ ಕೈಯಿಂದ ಹಣ ಹಾಕಿ ಜೀವಂತ ಇಡಬೇಕು. ಕೆಲಸ ಸಿಕ್ಕ ಮೇಲೂ ಕಂಪನಿಯೇ ನಿಂತುಹೋಗಬಹುದು. ಬಂಟ್ವಾಳ ಮೂಲದ ಮಲ್ಯ ಕುಟುಂಬದ ಕಿಂಗ್‌ಫಿಶರ್ 2005ರಲ್ಲಿ ಹಾರಲು ಶುರು ಮಾಡಿದಾಗ ಈ ಊರುಗಳಲ್ಲಿ ಎಷ್ಟು ಹೆಮ್ಮೆ ಇತ್ತು ಎಂದು ನನಗೆ ಚೆನ್ನಾಗಿ ನೆನಪಿದೆ. 2012ರ ಅಕ್ಟೋಬರಿನಲ್ಲಿ ಅದು ನಿಂತಿತು, ಪೈಲಟ್‌ಗಳೂ ತಿಂಗಳುಗಟ್ಟಲೆ ಸಂಬಳ ಕಾಣದೆ ಉಳಿದರು. 2019ರ ಏಪ್ರಿಲಿನಲ್ಲಿ ಜೆಟ್ ಏರ್‌ವೇಸ್, 2023ರ ಮೇ ತಿಂಗಳಲ್ಲಿ ಗೋ ಫಸ್ಟ್. ಪ್ರತಿ ಸಲವೂ ಅನುಭವಿ ಪೈಲಟ್‌ಗಳು ಒಟ್ಟಿಗೆ ಮಾರುಕಟ್ಟೆಗೆ ಬಂದರು, ಹೊಸಬರ ಸರದಿ ಹಿಂದಕ್ಕೆ ಹೋಯಿತು. ಈ ಕಾರಣಕ್ಕೆ, ಲೈಸೆನ್ಸಿನ ನಂತರದ ಎರಡು ವರ್ಷದ ಕಂತನ್ನು ಫೀಸಿನ ಭಾಗ ಎಂದೇ ಎಣಿಸಿ ಬೇರೆ ತೆಗೆದಿಡಬೇಕು ಎನ್ನುತ್ತೇನೆ. ಬ್ಯಾಂಕಿನವರು ಇದನ್ನು ಹೇಳುವುದಿಲ್ಲ, ಶಾಲೆಯವರಂತೂ ಹೇಳುವುದೇ ಇಲ್ಲ.

ಡಿಗ್ರಿ ಯಾಕೆ ಎಂದರೆ, ಫೀಸೇ ಇಲ್ಲದ ದಾರಿಯೊಂದು ಅದರ ಮೂಲಕ ತೆರೆದಿದೆ. ಪದವೀಧರರು ಎಎಫ್‌ಸಿಎಟಿ ಪರೀಕ್ಷೆ ಬರೆದು ವಾಯುಪಡೆಯ ಹಾರಾಟ ವಿಭಾಗ ಸೇರಬಹುದು. ಎನ್‌ಸಿಸಿ ವಾಯುದಳದಲ್ಲಿ ‘ಸಿ’ ಪ್ರಮಾಣಪತ್ರ ಪಡೆದವರಿಗೆ ಪ್ರತ್ಯೇಕ ಪ್ರವೇಶವೂ ಉಂಟು. ತರಬೇತಿ ಸರ್ಕಾರದ್ದು, ಅಕಾಡೆಮಿಯಲ್ಲಿರುವಾಗಲೇ ತಿಂಗಳಿಗೆ 56,100 ರೂಪಾಯಿ ಭತ್ಯೆ. ಅಲ್ಪಾವಧಿ ಕಮಿಷನ್ ಆದರೆ ಹದಿನಾಲ್ಕು ವರ್ಷದ ಸೇವೆ. ಚಾರ್ಮಾಡಿ ಘಾಟಿ ಹತ್ತಿದರೆ ಆಚೆಗೆ ಚಿಕ್ಕಮಗಳೂರು. ಆ ಜಿಲ್ಲೆಯ ಮರ್ಲೆ ಗ್ರಾಮದ ಮೇಘನಾ ಶಾನಭೋಗ್ 2018ರಲ್ಲಿ ವಾಯುಪಡೆಯ ಯುದ್ಧವಿಮಾನ ಪೈಲಟ್ ಆದರು. ಅವರ ಫೋಟೋ ಹುಡುಗಿಯ ಓದುವ ಮೇಜಿನ ಮೇಲಿದೆ. ಅಲ್ಲಿ ಆಯ್ಕೆ ಕಠಿಣ, ಎಲ್ಲರಿಗೂ ಸಿಗುವುದಿಲ್ಲ. ಆದರೂ ವಯಸ್ಸು ಇರುವಾಗ ಆ ಬಾಗಿಲು ತಟ್ಟದೆ ಐವತ್ತು ಲಕ್ಷದ ಬಾಗಿಲಿಗೆ ಹೋಗುವುದು ನನಗೆ ಸರಿ ಕಾಣುವುದಿಲ್ಲ. ಭಾರತದ ಪೈಲಟ್‌ಗಳಲ್ಲಿ ಹೆಣ್ಣುಮಕ್ಕಳು ನೂರಕ್ಕೆ ಸುಮಾರು ಹದಿನೈದು, ಜಗತ್ತಿನ ಸರಾಸರಿಗಿಂತ ಬಹಳ ಹೆಚ್ಚು. ಬೀಡಿ ಕಟ್ಟುವವರ ಮಗಳು ಆ ಸಾಲಿಗೆ ಸೇರಬೇಕು ಎಂದು ನಾನು ಮನಸಾರೆ ಬಯಸುತ್ತೇನೆ. ಅದಕ್ಕೇ ಇಷ್ಟೊಂದು ಲೆಕ್ಕ.

ನಮ್ಮ ಮನೆಯಲ್ಲಿ ಆದ ತೀರ್ಮಾನ ಹೀಗೆ. ಡಿಗ್ರಿ ಮುಗಿಯುವುದರೊಳಗೆ ಎಲ್ಲ ಪೇಪರ್ ಪಾಸಾಗಬೇಕು. ಎಎಫ್‌ಸಿಎಟಿಗೆ ಅರ್ಹತೆ ಬಂದ ಕೂಡಲೇ ಬರೆಯಬೇಕು. ಅದು ಆಗದಿದ್ದರೆ ಮಾತ್ರ ಸಾಲ. ಆಗ ಅಪ್ಪ ಅಮ್ಮ ಸಹ ಸಾಲಗಾರರು, ನಾನು ಜಾಮೀನು, ತೋಟ ತೋಟವಾಗಿಯೇ ಉಳಿಯಬೇಕು. “ದೊಡ್ಡಮ್ಮ, ಬರೆದು ಕೊಡಿ” ಎಂದಳು ಹುಡುಗಿ. ಬರೆದು ಕೊಟ್ಟಿದ್ದೇನೆ. ನಿಯಮಗಳ ಪೇಪರ್ ಪಾಸಾಗಿದೆ, ಈಗ ನ್ಯಾವಿಗೇಶನ್ ಓದುತ್ತಿದ್ದಾಳೆ. ನಿವೇಶನದ ಕಾಗದಪತ್ರಗಳನ್ನು ಮುಂದಿನ ವಾರ ವಕೀಲರಿಗೆ ತೋರಿಸಲು ಹೋಗುವವಳಿದ್ದೇನೆ.