ದನಿಯಿಲ್ಲದ ಕೀಲಿಮಣೆ

ತುಮಕೂರು ಸೀಮೆಯಲ್ಲಿ ನಾಟಕವೆಂದರೆ ಹಾರ್ಮೋನಿಯಂ ಇಲ್ಲದೆ ನಡೆಯದು. 1884ರಲ್ಲಿ ಗುಬ್ಬಿಯಲ್ಲಿ ಹುಟ್ಟಿ, ಮುಂದೆ ವೀರಣ್ಣನವರ ಕಾಲದಲ್ಲಿ ನಾಡೆಲ್ಲ ಹೆಸರಾದ ಶ್ರೀ ಚನ್ನಬಸವೇಶ್ವರ ನಾಟಕ ಕಂಪನಿಯನ್ನು ಅರಿಯದವರಾರು? ಅಂಥ ಕಂಪನಿಗಳ ಮೇಳಕ್ಕೆ ಕಾಲು ಹಾರ್ಮೋನಿಯಮ್ಮೇ ಬೆನ್ನೆಲುಬಾಗಿದ್ದಿತು. ಇಂದಿಗೂ ಹೆಬ್ಬೂರು, ಗುಬ್ಬಿ, ಕುಣಿಗಲ್ ಕಡೆಯ ಹಳ್ಳಿಗಳಲ್ಲಿ ಪೌರಾಣಿಕ ನಾಟಕ ಕಲಿಸುವ ಮೇಷ್ಟ್ರು ಹಾರ್ಮೋನಿಯಮ್ಮಿನ ಮುಂದೆ ಕುಳಿತೇ ಪಾಠ ಹೇಳುವರು. ಆ ಹಳ್ಳಿಗಳಿಂದ ಕಾಲೇಜಿಗೆ ಬರುವ ತರುಣರು ಈಗ ಕೇಳುವ ಪ್ರಶ್ನೆ ಮಾತ್ರ ಬೇರೆ: "ಸಾರ್, ಮನೆಯ ಕಂಪ್ಯೂಟರಿನಲ್ಲೇ ಹಾಡು ಸಿದ್ಧಪಡಿಸಬೇಕು, ಯಾವ ಕೀಬೋರ್ಡ್ ಕಂಟ್ರೋಲರನ್ನು ಕೊಳ್ಳಲಿ?" ಕೊಬ್ಬರಿ ಮಾರಿದ ಹಣದಲ್ಲಿ ಮನೆಯವರು ಒಮ್ಮೆ ಮಾತ್ರ ಕೊಡಿಸಬಲ್ಲ ವಸ್ತುವಿದು. ಆದುದರಿಂದ ಕೊಳ್ಳುವ ಮುನ್ನ ಅದರ ಕ್ರಿಯೆಯನ್ನು ತಿಳಿಯುವುದು ಲೇಸು.

ಮೊದಲು ಮನಗಾಣಬೇಕಾದ ಸಂಗತಿ: ಈ ಯಂತ್ರಕ್ಕೆ ಸ್ವಂತ ದನಿಯಿಲ್ಲ. ಹಾರ್ಮೋನಿಯಮ್ಮಿನ ಮನೆಯನ್ನು ಒತ್ತಿದರೆ ತಿದಿಯ ಗಾಳಿ ಹಿತ್ತಾಳೆಯ ನಾಲಗೆಯನ್ನು ಕಂಪಿಸುತ್ತದೆ. ಇಲ್ಲಿಯಾದರೋ ಮನೆಯನ್ನು ಒತ್ತಿದರೆ ಕೇವಲ ಸಂಖ್ಯೆಗಳು ಹೊರಡುತ್ತವೆ. 1983ರಲ್ಲಿ ಬಳಕೆಗೆ ಬಂದ 'ಮಿಡಿ' ಎಂಬ ಒಪ್ಪಂದದಂತೆ ಪ್ರತಿ ಸ್ವರಕ್ಕೂ 0ಯಿಂದ 127ರವರೆಗಿನ ಒಂದು ಅಂಕೆಯುಂಟು. ಸೆಕೆಂಡಿಗೆ 440 ಕಂಪನಗಳ ಸ್ವರಕ್ಕೆ 69. ಅಂಕೆ 12 ಏರಿದರೆ ಕಂಪನ ಇಮ್ಮಡಿಯಾಗುತ್ತದೆ. ಅಂಕೆಯನ್ನು ನಾದವಾಗಿಸುವುದು ಕಂಪ್ಯೂಟರಿನ ಕೆಲಸ. "ಬೆಲೆ ಹೆಚ್ಚಿದರೆ ದನಿ ಇಂಪು" ಎಂಬ ಅಂಗಡಿಯ ಮಾತು ಇಲ್ಲಿ ಸಲ್ಲದು.

ಶ್ರುತಿ ಬದಲಾವಣೆಯನ್ನು ನೋಡಿ. ಭೀಮನ ಪಾತ್ರಧಾರಿಯ ಕಂಠಕ್ಕೂ ದ್ರೌಪದಿಯ ಕಂಠಕ್ಕೂ ಹೊಂದುವ ಶ್ರುತಿಗಳು ಬೇರೆ. ಹಾರ್ಮೋನಿಯಮ್ಮಿನಲ್ಲಿ ಮನೆಗಳ ಸಾಲನ್ನೇ ಸರಿಸುವ ವ್ಯವಸ್ಥೆ ಬೇಕಾದರೆ ಹೆಚ್ಚು ಹಣ ತೆರಬೇಕು. ಇಲ್ಲಿ ಅದು ಬರಿಯ ಸಂಕಲನ. 60ಕ್ಕೆ 3 ಕೂಡಿಸಿ 63 ಕಳಿಸಿದರೆ ಮುಗಿಯಿತು. ಗಾಂಧಾರದ ವಿಷಯವೂ ಹಾಗೆಯೇ. ಷಡ್ಜ 240 ಆದಾಗ ಶುದ್ಧ ಅನುಪಾತ 5/4ರ ಅಂತರಗಾಂಧಾರ 300. ಸ್ಥಾಯಿಯನ್ನು ಹನ್ನೆರಡು ಸಮಪಾಲು ಮಾಡಿದಾಗ ಬರುವುದು 302.4. ಇವೆರಡನ್ನೂ ಒಟ್ಟಿಗೆ ನುಡಿಸಿದರೆ ಸೆಕೆಂಡಿಗೆ ಎರಡಕ್ಕಿಂತ ಹೆಚ್ಚು ವಿಸ್ಪಂದಗಳು ಕೇಳುವುವು. ಹಾರ್ಮೋನಿಯಮ್ಮಿನಲ್ಲಿ ಇದನ್ನು ತಿದ್ದಲು ನಾಲಗೆಯನ್ನು ಅರದಿಂದ ಉಜ್ಜಬೇಕು. ಕಂಪ್ಯೂಟರಿನಲ್ಲಿ ಒಂದು ಪಟ್ಟಿಯನ್ನು ಬದಲಿಸಿದರೆ ಸಾಕು.

ಹಾಗಾದರೆ ಹಣ ಯಾವುದಕ್ಕೆ? ಬೆರಳಿನ ಬಲವನ್ನು ಅಳೆಯುವ ಕೌಶಲಕ್ಕೆ. ಪ್ರತಿ ಮನೆಯ ಅಡಿಯಲ್ಲಿ ಸಾಮಾನ್ಯವಾಗಿ ಎರಡು ವಿದ್ಯುತ್ ಸಂಪರ್ಕಗಳಿರುತ್ತವೆ. ಒಂದು ಮೊದಲು ಕೂಡುತ್ತದೆ, ಇನ್ನೊಂದು ಅನಂತರ. ಅವುಗಳ ನಡುವಿನ ಚಲನೆ 3 ಮಿಲಿಮೀಟರ್ ಎಂದಿಟ್ಟುಕೊಳ್ಳೋಣ. ಅದಕ್ಕೆ 0.003 ಸೆಕೆಂಡು ಹಿಡಿದರೆ ವೇಗ ಸೆಕೆಂಡಿಗೆ 1 ಮೀಟರ್, 0.03 ಸೆಕೆಂಡು ಹಿಡಿದರೆ ಅದರ ಹತ್ತರಲ್ಲೊಂದು. ಯಂತ್ರವು ಅಳೆಯುವುದು ಕಾಲವನ್ನು, ಬಲವನ್ನಲ್ಲ. ಈ ವೇಗವೇ 1ರಿಂದ 127ರವರೆಗಿನ ಇನ್ನೊಂದು ಅಂಕೆಯಾಗಿ ಹೊರಡುತ್ತದೆ.

ಪಿಯಾನೋ ನುಡಿಸುವವನಿಗೆ ಇದೇ ಪ್ರಾಣ. ಅವನು 88 ಭಾರದ ಮನೆಗಳಿಗೆ ಹಣ ತೆತ್ತರೆ ನ್ಯಾಯ. ಆದರೆ ಹಾರ್ಮೋನಿಯಮ್ಮಿನಲ್ಲಿ ದನಿಯ ಏರಿಳಿತ ಬರುವುದು ತಿದಿಯ ಒತ್ತಡದಿಂದ, ಬೆರಳಿನ ಏಟಿನಿಂದಲ್ಲ. ರಂಗಗೀತೆಯನ್ನು ನುಡಿಸುವವನಿಗೆ ಸ್ವರ ನಿಂತಿರುವಾಗಲೇ ಅದನ್ನು ಉಬ್ಬಿಸಿ ತಗ್ಗಿಸುವ ಸಾಧನ ಬೇಕು. ಮಿಡಿಯಲ್ಲಿ ಅದಕ್ಕೆ 11ನೆಯ ನಿಯಂತ್ರಣಾಂಕವಿದೆ. ಅದನ್ನು ಚಕ್ರದಿಂದಲೋ ಜಾರುಗುಂಡಿಯಿಂದಲೋ ಕಳಿಸಬಹುದು. ಆದರೆ ಆಗ ಕೈ ಹಾರ್ಮೋನಿಯಮ್ಮಿನಂತೆ ಎಡಗೈ ಅದಕ್ಕೇ ಮೀಸಲು. ಕಾಲುಪೆಡಲಿನಿಂದ ಕಳಿಸಿದರೆ ಎರಡು ಕೈಗಳೂ ಸ್ವತಂತ್ರ. ಕಂಪನಿಯವರು ಕಾಲು ಹಾರ್ಮೋನಿಯಂ ಬಳಸಿದುದರ ಲಾಭವೂ ಇದೇ! ಅಗ್ಗದ ಯಂತ್ರಗಳಲ್ಲಿ ಇರುವ ಪೆಡಲ್ ರಂಧ್ರ ಬಹುಮಟ್ಟಿಗೆ 'ಇದೆ–ಇಲ್ಲ' ಎನ್ನುವ ಸ್ವಿಚ್ಚಿಗೆ ಮಾತ್ರ. ಕ್ರಮವಾಗಿ ಏರಿಳಿಯುವ ಪೆಡಲನ್ನು ಒಪ್ಪುವುದೇ ಎಂದು ವಿಚಾರಿಸದೆ ಹಣ ಕೊಡಬೇಡಿ.

ಗಮಕದ ತೊಡಕು ಬೇರೆ. ಮನೆಯಿಂದ ಮನೆಗೆ ಜಾರಲಾರದೆಂಬುದು ಹಾರ್ಮೋನಿಯಮ್ಮಿನ ಮೇಲಿದ್ದ ಒಂದು ಮುಖ್ಯ ಆಕ್ಷೇಪಣೆ. ಆಕಾಶವಾಣಿಯು 1940ರಿಂದ 1971ರವರೆಗೆ ಅದನ್ನು ದೂರವಿಟ್ಟಿತ್ತು. ಕಂಟ್ರೋಲರಿನಲ್ಲಿ ಸ್ವರವನ್ನು ಬಾಗಿಸುವ ಚಕ್ರವೊಂದಿರುತ್ತದೆ. ಅದರ ಸಂದೇಶದಲ್ಲಿ 16,384 ಹಂತಗಳಿಗೆ ಎಡೆಯಿದೆ. ಅಕಾಯ್ ಎಂಪಿಕೆ ಮಿನಿಯ ಕೆಲವು ಮಾದರಿಗಳಂತಹ ಪುಟ್ಟ ಯಂತ್ರದಲ್ಲಿ ಚಕ್ರದ ಬದಲು ಚಿಕ್ಕ ಕಡ್ಡಿಯಿದ್ದು, ಮನೆಗಳೂ 25 ಮಾತ್ರ, ಅಗಲವೂ ಕಿರಿದು. ಹಾರ್ಮೋನಿಯಮ್ಮಿನ ಮೂರು, ಮೂರೂವರೆ ಸ್ಥಾಯಿಗೆ ಪಳಗಿದ ಕೈಗೆ ಇದು ಇಕ್ಕಟ್ಟು. ಪೂರ್ಣ ಅಗಲದ 49 ಹಗುರ ಮನೆಗಳೂ ಚಕ್ರವೂ ಇರುವ ಸಾದಾ ಯಂತ್ರವೇ ನಮ್ಮವರಿಗೆ ತಕ್ಕುದೆಂದು ನನ್ನ ಅಭಿಪ್ರಾಯ. ಮಿನುಗುವ ದೀಪದ ಗುಂಡಿಗಳಿಲ್ಲದಿದ್ದರೆ ನಷ್ಟವೇನಿಲ್ಲ.

ಒತ್ತಿದೊಡನೆ ದನಿ ಬಾರದೆಂದು ಕೆಲವರು ಕೀಲಿಮಣೆಯನ್ನೇ ಬದಲಿಸುವರು. ಮಿಡಿಯ ಮೂಲ ತಂತಿಯಲ್ಲಿ ಸೆಕೆಂಡಿಗೆ 31,250 ಬಿಟ್ಟುಗಳು ಹರಿಯುವುವು. ಒಂದು ಸ್ವರಕ್ಕೆ 30 ಬಿಟ್ಟು, ಎಂದರೆ ಸೆಕೆಂಡಿನ ಸಾವಿರದಲ್ಲೊಂದು ಭಾಗಕ್ಕೂ ಕಡಿಮೆ. ಸಾಮಾನ್ಯವಾಗಿ ವಿಳಂಬವಿರುವುದು ಕಂಪ್ಯೂಟರಿನಲ್ಲಿ. ಅದು ಸೆಕೆಂಡಿಗೆ 44,100ರಂತೆ ಮಾದರಿಗಳನ್ನು ಹೊರಡಿಸುವಾಗ, 1,024ನ್ನು ಒಟ್ಟುಗೂಡಿಸಿ ಕಳಿಸಿದರೆ 0.023 ಸೆಕೆಂಡು ತಡ. ಸುಮಾರು 8 ಮೀಟರ್ ದೂರದಲ್ಲಿ ನುಡಿಸಿದಂತೆ. 256ಕ್ಕೆ ಇಳಿಸಿದರೆ 2 ಮೀಟರ್. ಇದಕ್ಕೆ ಕಾಸೂ ಖರ್ಚಿಲ್ಲ.

ಹಳೆಯದನ್ನು ಕೊಳ್ಳುವುದೂ ಜಾಣತನವೇ. ಬರುವ ಅಂಕೆಗಳನ್ನು ತೋರಿಸುವ ಉಚಿತ ತಂತ್ರಾಂಶಗಳುಂಟು. ಅದರ ಮುಂದೆ ಪ್ರತಿಯೊಂದು ಮನೆಯನ್ನೂ ಮೆಲ್ಲಗೆ ಐದು ಸಲ, ಜೋರಾಗಿ ಐದು ಸಲ ಒತ್ತಿ ನೋಡಿ. ಸಂಪರ್ಕದಲ್ಲಿ ಧೂಳು ಕುಳಿತಿದ್ದರೆ ಆ ಮನೆ ಮೂಕವಾಗಿರುವುದು, ಇಲ್ಲವೇ ಮೆಲ್ಲಗೆ ಒತ್ತಿದಾಗಲೂ ಒಮ್ಮೊಮ್ಮೆ 127 ಎನ್ನುವುದು. ಬಿಚ್ಚಿ ಒರೆಸಿದರೆ ಸರಿಹೋಗುವ ದೋಷವಿದು. ಬೆಲೆ ಇಳಿಸಿ ಕೇಳಲು ತಕ್ಕ ಕಾರಣವೂ ಹೌದು.