ಇನ್‌ಫ್ಲುಯೆಂಜಾ ಮಹಾಸೋಂಕು: ಆಸ್ಪತ್ರೆ ಮತ್ತು ಔಷಧ ಅಂಗಡಿಗಳ ಸಿದ್ಧತೆ

ಜನರಲ್ಲಿ ರೋಗನಿರೋಧಕ ಶಕ್ತಿ ಇಲ್ಲದ ಹೊಸ ಇನ್‌ಫ್ಲುಯೆಂಜಾ ವೈರಸ್ ಜಗತ್ತಿನಾದ್ಯಂತ ಹಬ್ಬುವ ಸ್ಥಿತಿಯೇ ಮಹಾಸೋಂಕು. ಎಚ್1ಎನ್1 ವೈರಸ್‌ನ ಹಬ್ಬುವಿಕೆಯನ್ನು ವಿಶ್ವ ಆರೋಗ್ಯ ಸಂಸ್ಥೆಯು 2009ರ ಜೂನ್ 11ರಂದು ಮಹಾಸೋಂಕೆಂದು ಘೋಷಿಸಿ, 2010ರ ಆಗಸ್ಟ್ 10ರಂದು ಅದು ಮುಗಿಯಿತೆಂದು ಪ್ರಕಟಿಸಿತು.

ಭಾರತದಲ್ಲಿ ಆಗ ಆಸ್ಪತ್ರೆಗಳ ಮೇಲಿನ ಒತ್ತಡವನ್ನು ತಗ್ಗಿಸಲು ರೋಗಿಗಳನ್ನು ಮೂರು ವರ್ಗಗಳಾಗಿ ವಿಂಗಡಿಸಲಾಯಿತು: ಸೌಮ್ಯ ಜ್ವರ, ಕೆಮ್ಮು, ಗಂಟಲುನೋವಿರುವ ‘ಎ’ ವರ್ಗದವರಿಗೆ ಪರೀಕ್ಷೆಯಾಗಲಿ ವೈರಸ್ ನಿರೋಧಕ ಔಷಧವಾಗಲಿ ಅಗತ್ಯವಿರಲಿಲ್ಲ, ತೀವ್ರ ಜ್ವರವಿದ್ದ ಅಥವಾ ಗರ್ಭಿಣಿಯರು, ವೃದ್ಧರಂತೆ ಹೆಚ್ಚು ಅಪಾಯಕ್ಕೆ ಒಳಗಾಗಬಲ್ಲ ‘ಬಿ’ ವರ್ಗದವರು ಮನೆಯಲ್ಲೇ ಪ್ರತ್ಯೇಕವಾಗಿರಬೇಕಿತ್ತು, ಉಸಿರಾಟದ ತೊಂದರೆ, ಎದೆನೋವು ಕಾಣಿಸಿಕೊಂಡ ‘ಸಿ’ ವರ್ಗದವರನ್ನಷ್ಟೇ ಪರೀಕ್ಷಿಸಿ ಕೂಡಲೇ ಒಳರೋಗಿಗಳಾಗಿ ಸೇರಿಸಿಕೊಳ್ಳಲಾಗುತ್ತಿತ್ತು. ಹಾಸಿಗೆಗಳ ಸಂಖ್ಯೆಗಿಂತ ಈ ವಿಂಗಡಣೆಯೇ ಸಿದ್ಧತೆಯ ಜೀವಾಳವೆನ್ನಬೇಕು.

ಔಷಧ ಅಂಗಡಿಗಳ ಪಾತ್ರವೂ ಸಣ್ಣದಲ್ಲ. ವೈರಸ್ ದೇಹದಲ್ಲಿ ಹರಡುವುದನ್ನು ತಡೆಯುವ ಒಸೆಲ್ಟಾಮಿವಿರ್ ಔಷಧವನ್ನು ರೋಗಲಕ್ಷಣ ಕಾಣಿಸಿಕೊಂಡ 48 ಗಂಟೆಗಳೊಳಗೆ ಆರಂಭಿಸಿದರೆ ಹೆಚ್ಚು ಫಲಕಾರಿಯಾದ್ದರಿಂದ, ಅದು ಹತ್ತಿರದಲ್ಲೇ ದೊರೆಯುವುದು ಮುಖ್ಯ. ಆದರೆ ಬೇಕಾಬಿಟ್ಟಿ ಬಳಕೆಯಿಂದ ವೈರಸ್ ಔಷಧಕ್ಕೆ ಮಣಿಯದಂತಾಗುವ ಅಪಾಯವಿದ್ದುದರಿಂದ, ಅದರ ಮಾರಾಟವನ್ನು ಮೊದಲು ಔಷಧ ನಿಯಮಗಳ ಅತಿ ಬಿಗಿಯಾದ ‘ಎಕ್ಸ್’ ಅನುಸೂಚಿಯ ಪರವಾನಗಿ ಪಡೆದ ಕೆಲವೇ ಅಂಗಡಿಗಳಿಗೆ ಸೀಮಿತಗೊಳಿಸಲಾಗಿತ್ತು. 2017ರಲ್ಲಿ ಅದನ್ನು ‘ಎಚ್1’ ಅನುಸೂಚಿಗೆ ಸೇರಿಸಿದ್ದರಿಂದ, ವೈದ್ಯರ ಚೀಟಿ ಪಡೆದು, ಮಾರಾಟದ ವಿವರವನ್ನು ಪ್ರತ್ಯೇಕ ವಹಿಯಲ್ಲಿ ಬರೆದು 3 ವರ್ಷ ಕಾಪಾಡುವ ಅಂಗಡಿಗಳೆಲ್ಲ ಅದನ್ನು ಮಾರಬಹುದಾಗಿದೆ.